ಶನಿವಾರದ ಡಿಕ್ಷನರಿ

ನಾನು ಚಿಕ್ಕಂದಿನಿಂದ ಒಳ್ಳೆಯ ಹುಡುಗಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂಬತ್ತನೇ ಕ್ಲಾಸಿನಲ್ಲಿ ಶರೀಫಾಳನ್ನು ಕಂಡರೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಸಿದ್ದಾಪುರದ ನಮ್ಮ ಹೈಸ್ಕೂಲಿನಲ್ಲಿ ಇದ್ದದ್ದು ಒಂದೇ ಇಂಗ್ಲಿಷ್ ಡಿಕ್ಷನರಿ. ಹಾವೇರಿ ಕಡೆಯ ಮಡಿವಾಳಪ್ಪ ಮಾಸ್ತರು ಪ್ರತಿ ಶನಿವಾರ ಬೋರ್ಡಿನ ಮೇಲೊಂದು ಶಬ್ದ ಬರೆದು, "ಬಾಲ ಹಚ್ರಿ" ಎನ್ನುತ್ತಿದ್ದರು. ಹೆಲ್ಪ್ ಎಂದು ಬರೆದರೆ ಒಬ್ಬರು ಹೆಲ್ಪರ್ ಅನ್ನಬೇಕು, ಇನ್ನೊಬ್ಬರು ಹೆಲ್ಪ್‌ಫುಲ್. ಹೊಳೆಯದವರು ಕೂರಬೇಕು. ಕೊನೆಯವರೆಗೆ ನಿಂತವರು ಡಿಕ್ಷನರಿಯನ್ನು ಒಂದು ವಾರ ಮನೆಗೆ ಒಯ್ಯಬಹುದು. 1998ರ ಜೂನ್‌ನಿಂದ ದೀಪಾವಳಿಯವರೆಗೆ ಅದು ಕೋಲಸಿರ್ಸಿಯ ನಮ್ಮ ಮನೆಯಲ್ಲೇ ಇತ್ತು.

ಆಮೇಲೆ ಯಲ್ಲಾಪುರದಿಂದ ಶರೀಫಾ ಬಂದಳು, ಲಾರಿ ಡ್ರೈವರೊಬ್ಬರ ಮಗಳು. ಮೊದಲ ಶನಿವಾರವೇ ನಾನು ಕೇರ್‌ಲೆಸ್ ಅಂದು ಬೀಗುತ್ತಿದ್ದರೆ, ಅವಳು ಬಾಲಕ್ಕೂ ಬಾಲ ಹಚ್ಚಿ ಕೇರ್‌ಲೆಸ್‌ನೆಸ್ ಅಂದಳು. ಮಾಸ್ತರು ಕುಣಿದೇಬಿಟ್ಟರು. ನಾನು ಗೆದ್ದಾಗ ಅವರು ಎಂದೂ ಕುಣಿದಿರಲಿಲ್ಲ.

ಡಿಕ್ಷನರಿ ಮನೆಯಲ್ಲಿತ್ತು, ಸೋಮವಾರ ತಂದು ಅವಳಿಗೆ ಕೊಡಬೇಕಿತ್ತು. ಭಾನುವಾರ ಅರ್ಧ ಊಟಕ್ಕೇ ಎದ್ದೆ.

"ಎಂತ ಆತೇ ನಿಂಗೆ?" ಆಯಿ ಕೇಳಿದಳು.

"ಎಂತೂ ಆಜಿಲ್ಲೆ" ಎಂದು ಸುಳ್ಳು ಹೇಳಿದೆ.

ಡಿಕ್ಷನರಿಯ ಕೊನೆಗೆ ಬಾಲಗಳ ಪಟ್ಟಿಯ ಎರಡು ಹಾಳೆಗಳಿದ್ದವು. ಕಿತ್ತು ಬಚ್ಚಲೊಲೆಗೆ ಹಾಕಿದೆ. ನನಗೆ ಅವು ಬಾಯಿಪಾಠ. ಅವಳಿಗೆ ಸಿಗಬಾರದು, ಅಷ್ಟೇ.

ಮುಂದಿನ ಶನಿವಾರ ಶರೀಫಾ ತಾನಾಗಿಯೇ ಹೇಳಿದಳು: "ಸರ್, ಇದ್ರಲ್ಲಿ ಎರಡು ಹಾಳೆ ಇಲ್ಲ."

ಮಾಸ್ತರು ನನ್ನತ್ತ ತಿರುಗಿದರು. "ಸ್ಫೂರ್ತಿ, ನೀ ಕೊಡುವಾಗ ಇದ್ವೇನು?"

"ಇದ್ವು ಸರ್."

ಶರೀಫಾ ನನ್ನನ್ನೇ ನೋಡಿದಳು. ಅವಳಿಗೆ ಅರ್ಥವಾಯಿತು. "ನಾನಲ್ಲ ಸರ್" ಎಂದು ಒಂದೇ ಸಲ ಹೇಳಿದಳು.

"ಇನ್ನ ಮ್ಯಾಲೆ ನೀ ಗೆದ್ರೂ ಇದು ನಿನಗಿಲ್ಲ" ಅಂದರು ಮಾಸ್ತರು. "ಸ್ಫೂರ್ತಿನೇ ಇಟ್ಕೊಳ್ಳಲಿ."

ಅಂದಿನ ಶಬ್ದ ಯೂಸ್. ಒಬ್ಬೊಬ್ಬರೇ ಕೂತು ಕೊನೆಗೆ ನಾವಿಬ್ಬರೇ ಉಳಿದೆವು. ನಾನು ಯೂಸ್‌ಫುಲ್‌ನೆಸ್ ಅಂದೆ. ಇವತ್ತು ಇವಳು ಕೂರುತ್ತಾಳೆ, ಗೆದ್ದರೂ ಇವಳಿಗೇನು ಸಿಗುತ್ತದೆ ಅಂದುಕೊಂಡೆ. ಅವಳು ದುಪಟ್ಟಾದಲ್ಲಿ ಮೂಗು ಒರೆಸಿಕೊಂಡು ಯೂಸ್‌ಲೆಸ್‌ಲಿ ಅಂದಳು. ನನ್ನ ಬಾಯಿಪಾಠ ಮುಗಿದಿತ್ತು. ಕೂತೆ.

ಮಾಸ್ತರು ಅವಳ ಮುಖ ನೋಡದೆ ಡಿಕ್ಷನರಿಯನ್ನು ನನ್ನ ಕೈಗಿಟ್ಟರು. ಅದನ್ನು ಎದೆಗವಚಿಕೊಂಡು, ಬರಿಗೈಯಲ್ಲಿ ನಿಂತಿದ್ದ ಅವಳನ್ನು ನೋಡುತ್ತ ಮೊದಲಿಗಿಂತ ಹೆಚ್ಚು ಹೊಟ್ಟೆ ಉರಿದುಕೊಂಡೆ.