ಈ ಪೈಪು ಹಾಕಿದ ಕತ್ತೆ

ನಲ್ಲಿ ಕೆಲಸದವರದ್ದು ಒಂದು ಪದ್ಧತಿ. ಯಾರ ಮನೆಗೆ ಹೋದರೂ ಮೊದಲು ಹಿಂದೆ ಕೆಲಸ ಮಾಡಿದವನನ್ನು ಬೈಯಬೇಕು, ಸ್ಪ್ಯಾನರ್ ತೆಗೆಯುವುದು ಆಮೇಲೆ. ಈ ವಿಷಯದಲ್ಲಿ ನಮ್ಮ ಮೇಸ್ತ್ರಿ ಎಂದೂ ಲೋಪ ಮಾಡಿದವನಲ್ಲ.

ಅವತ್ತು ಬೈಯಲು ಕಾರಣವೂ ಗಟ್ಟಿಯಾಗಿತ್ತು. ರಿಟೈರಾದ ಹೆಡ್‌ಮಿಸ್ಸೊಬ್ಬರು ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದ್ದರು. ಕೊಳದಿಂದ ಹೊರಚೆಲ್ಲುವ ನೀರಿಗೆ ಮೇಸ್ತ್ರಿ ಸುತ್ತಲೂ ಗೇಣಗಲದ ಕಾಲುವೆ ಮಾಡಿ, ಅದನ್ನು ರಸ್ತೆಯ ಚರಂಡಿಗೆ ಹೋಗುವ ಹಳೇ ಪೈಪಿಗೆ ಕೂಡಿಸಿದ್ದ. ಹತ್ತು ಬಕೆಟ್ ಸುರಿದು ನೋಡಿದರೆ, ಹೋದ ನೀರು ಗೇಟನ್ನೂ ಮುಟ್ಟದೆ, ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಬಂದ ಮಗಳ ಹಾಗೆ ವಾಪಸ್ ಬಂತು. ಮೇಸ್ತ್ರಿ ನೆಲ ಅಗೆದು, ಪೈಪಿನ ಮೇಲೆ ರಸಮಟ್ಟ ಇಟ್ಟ. ಗಾಜಿನೊಳಗಿನ ಗುಳ್ಳೆ ಸೀದಾ ರಸ್ತೆಯ ಕಡೆ ಓಡಿತು. ಅಂದರೆ ರಸ್ತೆಯ ಕಡೆಯೇ ಪೈಪು ಎತ್ತರ!

"ನೋಡಿ ಮೇಡಂ! ಯಾವ ಕತ್ತೆ ಹಾಕಿದ್ದು ಇದನ್ನ? ನೀರಿಗೆ ಬೆಟ್ಟ ಹತ್ತು ಅಂತ ಹೇಳಿದಾನಲ್ಲ!"

ಹೆಡ್‌ಮಿಸ್ಸಿಗೆ ಖುಷಿಯಾಯಿತು. ಮೂವತ್ತೈದು ವರ್ಷ ಮಕ್ಕಳನ್ನು ಬೈದವರು, ಒಳ್ಳೆಯ ಬೈಗುಳ ಕಿವಿಗೆ ಬಿದ್ದು ಬಹಳ ದಿನವಾಗಿತ್ತು. ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಮೇಸ್ತ್ರಿಯ ದನಿ ಇನ್ನಷ್ಟು ಏರಿತು. ಹೊರಗೆ ಟೆಂಪೊದಲ್ಲಿ ಕೂತಿದ್ದ ಮಾವನಿಗೂ ಕೇಳಲಿ ಎಂಬ ಆಸೆ. ಕೆಲಸ ಕಲಿಸಿದ್ದೂ ಈ ಮಾವನೇ, ಹೆಣ್ಣು ಕೊಟ್ಟದ್ದೂ ಈ ಮಾವನೇ. ಎರಡೂ ತಪ್ಪಾಯಿತೇನೋ ಎಂಬ ಅನುಮಾನ ಅವರಿಗೆ ಹತ್ತೊಂಬತ್ತು ವರ್ಷವಾದರೂ ಹೋಗಿರಲಿಲ್ಲ. "ರಸಮಟ್ಟ ಇರೋದು ಕುರುಡರಿಗೆ ಕಣೋ, ನಂಗೆ ಕಣ್ಣೇ ಮಟ್ಟ" ಎಂದು ದಿನಕ್ಕೊಮ್ಮೆ ಹಂಗಿಸದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಆ ಬಾಯಿಂದ ಒಂದು ಸಲ, ಒಂದೇ ಒಂದು ಸಲ, "ಪರವಾಗಿಲ್ಲ" ಅನ್ನಿಸಿಕೊಳ್ಳಬೇಕೆಂದು ಮೇಸ್ತ್ರಿಯ ಜೀವ ಬಡಿದುಕೊಳ್ಳುತ್ತಿತ್ತು.

ಬೈಯುತ್ತಲೇ ಪೈಪಿನ ಕೀಲಿನ ಮೇಲಿದ್ದ ಮಣ್ಣು ಕೆರೆದ. ತಾಮ್ರದ ತಂತಿ ಕಂಡಿತು. ಮೂರು ಸುತ್ತು, ಕೊನೆಗೊಂದು ಗಂಟು, ತುದಿ ಒಳಕ್ಕೆ ಮಡಚಿದ್ದು. ಜಗತ್ತಿನಲ್ಲಿ ಹೀಗೆ ಗಂಟು ಹಾಕುತ್ತಿದ್ದವರು ಒಬ್ಬರೇ. ಅವರೀಗ ಟೆಂಪೊದಲ್ಲಿ ಕೂತಿದ್ದರು.

ಹತ್ತೊಂಬತ್ತು ವರ್ಷ ಕಾದದ್ದು ಈ ಗಳಿಗೆಗೇ ಅಲ್ಲವೆ? ಕರೆದು ತೋರಿಸಿದರೆ ಸಾಕು, ಮಾವ ಈ ಜನ್ಮದಲ್ಲಿ ರಸಮಟ್ಟದ ಸುದ್ದಿಗೆ ಬರುವುದಿಲ್ಲ. ಆದರೆ ಆ ಗಂಟು ಕಲಿಸಲು ಅವರು ತನ್ನ ಬೆರಳು ಹಿಡಿದುಕೊಂಡು ಕೂತ ಮಧ್ಯಾಹ್ನಗಳು ಮೇಸ್ತ್ರಿಗೆ ನೆನಪಾದವು. ಒಂದು ಹಿಡಿ ಮಣ್ಣು ತೆಗೆದು ಗಂಟಿನ ಮೇಲೆ ಮೆತ್ತಿಬಿಟ್ಟ.

ಬೈಗುಳ ನಿಂತದ್ದೇ ತಪ್ಪಾಯಿತು. ಅಳಿಯ ಸುಮ್ಮನಾದನೆಂದರೆ ಏನೋ ಎಡವಟ್ಟಾಗಿದೆ ಎಂದುಕೊಂಡು ಮಾವ ಇಳಿದು ಬಂದರು. ಗುಂಡಿಯಂಚಿನಲ್ಲಿ ನಿಂತು, ನೀರು ವಾಪಸ್ ಬಂದ ಕತೆಯನ್ನು ಹೆಡ್‌ಮಿಸ್ಸಿನ ಬಾಯಲ್ಲಿ ಕೇಳಿ, ಪದ್ಧತಿಯಂತೆ ಅವರೂ ಶುರುಮಾಡಿದರು.

"ಯಾವ ಕತ್ತೆ ಹಾಕಿದ್ದು ಇದನ್ನ?"

"ಈ ಮನೆ ಕೊಂಡಾಗ ಹಳಬರು ಎಲ್ಲಾ ರಸೀದಿ ಫೈಲು ಮಾಡಿ ಕೊಟ್ಟಿದಾರೆ, ಹೆಸರು ನೋಡೇಬಿಡೋಣ," ಎಂದು ಹೆಡ್‌ಮಿಸ್ಸು ಎದ್ದು ಒಳಗೆ ಓಡಿದರು.

ಮೇಸ್ತ್ರಿ ಗಂಟಿಗೆ ಅಡ್ಡವಾಗಿ ನಿಂತ. "ಫೈಲು ಯಾಕೆ ಮಾವ," ಎಂದ. "ಆ ಕತ್ತೆ ನಾನೇ. ಹೊಸದರಲ್ಲಿ, ನಿಮಗೆ ಹೇಳ್ದೆ ಒಂದು ಕೆಲಸ ಹಿಡಿದಿದ್ದೆ."

"ನೀನಾ?" ಮಾವ ಕಣ್ಣು ಕಿರಿದು ಮಾಡಿ ನೋಡಿದರು. "ನಿನ್ನ ಕೀಲಾದ್ರೆ ಇಷ್ಟೊತ್ತಿಗೆ ಕಿತ್ತು ಬಂದಿರ್ತಿತ್ತು. ಸರಿ ಆಚೆ." ಮಂಡಿ ಹಿಡಿದುಕೊಂಡು ಗುಂಡಿಗಿಳಿದು, ಹೆಬ್ಬೆರಳಿನಿಂದ ಮಣ್ಣು ಒರೆಸಿದರು. ಒರೆಸಿದ ಬೆರಳು ಅಲ್ಲೇ ನಿಂತಿತು.

ಆಮೇಲೆ ಕಿಡಿಕಿಡಿಯಾದರು. "ಲೇ, ನಿಂದಂತೆ ನಿಂದು! ಈ ಗಂಟು ನಿನ್ನ ಕೈಯಲ್ಲಿ ಏಳು ಜನ್ಮಕ್ಕಾದ್ರೂ ಬರತ್ತಾ? ಒಂದು ಹನಿ ಸೋರಿಲ್ಲ ನೋಡು! ನಂದು ಕಣೋ ಇದು, ನಂದು!"

ಅಷ್ಟರಲ್ಲಿ ಹೆಡ್‌ಮಿಸ್ಸು ಫೈಲು ಎತ್ತಿ ಹಿಡಿದುಕೊಂಡು ಬಂದರು. "ಸಿಕ್ತು ಹೆಸರು!"

"ಓದಬೇಡಿ ತಾಯಿ," ಎಂದರು ಮಾವ, "ಕತ್ತೆ ಗುಂಡಿಯಲ್ಲೇ ಇದೆ."

ಮಾವ ಕೈ ಚಾಚಿ ರಸಮಟ್ಟ ಇಸಿದುಕೊಂಡರು. ಪೈಪಿನ ಮೇಲಿಟ್ಟು, ಗುಳ್ಳೆ ರಸ್ತೆಯ ಕಡೆ ಓಡುವುದನ್ನು ಎರಡೆರಡು ಸಲ ನೋಡಿದರು. ಮೇಸ್ತ್ರಿಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

"ಇದನ್ನ ಕಿತ್ತು ಹೊಸದು ಹಾಕೋಣ," ಎಂದರು ಕೊನೆಗೆ, ರಸಮಟ್ಟವನ್ನು ಪಂಚೆಯಂಚಿನಲ್ಲಿ ಒರೆಸಿ ಅಳಿಯನ ಕೈಗೆ ಕೊಡುತ್ತಾ. "ಇಳಿಜಾರು ನೀನು ನೋಡ್ಕೋ, ನಿಂದು ಸರಿಯಾಗಿರತ್ತೆ. ಗಂಟು ಮಾತ್ರ ನಾನು ಹಾಕ್ತೀನಿ."

ಮೇಸ್ತ್ರಿ ಪೈಪು ತರುವ ನೆಪ ಹೇಳಿ ಟೆಂಪೊದ ಹಿಂದೆ ಹೋಗಿ ನಿಂತ. ಕಣ್ಣು ಒರೆಸಿಕೊಂಡದ್ದಕ್ಕೆ ಮುಖವೆಲ್ಲ ಮಣ್ಣಾಯಿತು. "ಪೈಪು ತರೋಕೆ ಹೋದ್ನೋ, ಮಾಡೋಕೆ ಹೋದ್ನೋ!" ಎಂದು ಗುಂಡಿಯಿಂದ ಮಾವ ಕೂಗಿಕೊಳ್ಳುವವರೆಗೂ ಅವನು ಅಲ್ಲಿಂದ ಕದಲಲಿಲ್ಲ.