ಕೇಳಿದವರಿಗೆ ಮಾತ್ರ

ಸತ್ತ ನರ್ಸಕ್ಕನ ಬೆರಳುಗಳು ಬಿಗಿದುಕೊಂಡಿದ್ದರಿಂದ ಕ್ಯಾಮೆರಾದ ದಾರ ಮಣಿಕಟ್ಟು ಬಿಟ್ಟು ಬರಲಿಲ್ಲ. ಎಳೆದರೆ ಎಲ್ಲಿ ನೋಯುತ್ತದೋ ಎಂಬಂತೆ ಅವಳು ಮಂಡಿಯೂರಿ ಕೂತು ಒಂದೊಂದೇ ಬೆರಳನ್ನು ಸಡಿಲಿಸುತ್ತಿದ್ದಳು. ನರ್ಸಕ್ಕ ಅವಳ ಗಂಡನ ಅಕ್ಕ. ಬೆಳಗಿನ ಬೆಳಕು ಚೆನ್ನಾಗಿದೆಯೆಂದು ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡು ಕೂತವರು, ಅವಳು ಕಾಫಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅವರ ಕಣ್ಣುಗಳನ್ನು ಡಾಕ್ಟರು ಬಂದು ಮುಚ್ಚಿದರು. ಕ್ಯಾಮೆರಾದ ಕಣ್ಣು ಮಾತ್ರ ತೆರೆದೇ ಇತ್ತು. ಸೆಲ್ ಮುಗಿದು, ಲೆನ್ಸ್ ಒಳಗೆ ಹೋಗಲಾರದೆ ಅರ್ಧ ಹೊರಗೇ ನಿಂತುಬಿಟ್ಟಿತ್ತು. ಅವಳು ಆ ಕಡೆ ಸರಿದರೂ ಈ ಕಡೆ ಸರಿದರೂ ಅದು ತನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು.

"ಅದರ ಕಣ್ಣೂ ಮುಚ್ಚಿಸ್ರೀ ಯಾರಾದ್ರೂ. ನಂಗೆ ಮೈ ಜುಂ ಅನ್ನುತ್ತೆ," ಎಂದರು ಎದುರುಮನೆಯಾಕೆ.

"ನರ್ಸಕ್ಕ ಇದ್ದಾಗ ನಂದೊಂದು ತೆಗೀರಿ, ನಂದೊಂದು ತೆಗೀರಿ ಅಂತ ಹಲ್ಲು ಕಿರೀತಿದ್ರಿ. ಈಗ ಮೈ ಜುಂ ಅನ್ನುತ್ತಾ?" ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಮುದುಕಿ ಆಯಾ ಛೇಡಿಸಿದಳು. ಹೆರಿಗೆ ವಾರ್ಡಿನಲ್ಲಿ ನರ್ಸಕ್ಕನ ಜೊತೆ ವರ್ಷಗಟ್ಟಲೆ ದುಡಿದವಳು. ಬೆಳಗಿನಿಂದ ಅತ್ತೂ ಅತ್ತೂ ಈಗ ಎಲೆಅಡಿಕೆ ಜಗಿಯುತ್ತಿದ್ದಳು.

ದಾರ ಬಿಟ್ಟಿತು. ಬಾಗಿಲಲ್ಲಿ ನಿಂತಿದ್ದ ಗಂಡ ಕೈ ಚಾಚಿದ.

"ಕೊಡಿಲ್ಲಿ. ಅಕ್ಕನ ಜೊತೆಗೇ ಹೋಗ್ಲಿ. ಅವಳ ಜೀವ ಇದ್ದದ್ದೇ ಅದರಲ್ಲಿ."

"ಅದೇ ಸರಿ," ಎಂದರು ಎದುರುಮನೆಯಾಕೆ. ಅವಳಿಗೂ ಸರಿಯೆನ್ನಿಸಿ ಕೊಟ್ಟುಬಿಟ್ಟಳು. ಕೊಟ್ಟ ಮೇಲೆ ಅಂಗೈ ಯಾಕೋ ತಣ್ಣಗಾಯಿತು.

*

ಅದನ್ನು ಕೊಂಡ ಹೊಸತರಲ್ಲಿ ಇಡೀ ಬೀದಿಗೆ ಅದೊಂದೇ ಡಿಜಿಟಲ್ ಕ್ಯಾಮೆರಾ. ನರ್ಸಕ್ಕ ಪಾಳಿ ಮುಗಿಸಿ ಬಂದವರು ಬಿಳಿ ಸೀರೆಯನ್ನೂ ಬದಲಿಸದೆ ಅಂಗಳಕ್ಕೆ ಇಳಿಯುತ್ತಿದ್ದರು. ತಂತಿ ಮೇಲಿನ ಒದ್ದೆ ಬಟ್ಟೆ, ನಲ್ಲಿಯ ಬಾಯಲ್ಲಿ ತೂಗುವ ಹನಿ, ಕಾಂಪೌಂಡಿನ ಮೇಲೆ ಕೂತು ಮೈ ನೆಕ್ಕಿಕೊಳ್ಳುವ ಬೆಕ್ಕು. ಒತ್ತುವ ಮುಂಚೆ ಉಸಿರು ಬಿಗಿ ಹಿಡಿಯುವರು. ಒತ್ತಿದ ಮೇಲೆ, "ಹಾ, ಸಿಕ್ತು!" ಎಂದು ಕಳ್ಳನನ್ನು ಹಿಡಿದವರ ಹಾಗೆ ನಗುವರು. ಮದುವೆಯಿಲ್ಲ, ಮಕ್ಕಳಿಲ್ಲ, ಸಿನಿಮಾದ ಹುಚ್ಚಿಲ್ಲ. ಇದ್ದ ಖುಷಿಯೆಲ್ಲ ಆ ಬೆಳ್ಳಿ ಬಣ್ಣದ ಡಬ್ಬಿಯಲ್ಲಿತ್ತು.

ಆಮೇಲೆ ಎಲ್ಲರ ಕೈಗೂ ಫೋನು ಬಂತು. ನರ್ಸಕ್ಕ ನಿವೃತ್ತರಾದಾಗ ಅವಳ ಗಂಡ ಅಕ್ಕನಿಗೆಂದು ಹೊಸ ಕ್ಯಾಮೆರಾವೊಂದನ್ನು ತಂದುಕೊಟ್ಟ. ಅವನ ಮಾತಿಗೆ ಮರ್ಯಾದೆ ಕೊಟ್ಟು ನಾಲ್ಕು ದಿನ ಹಿಡಿದು ಓಡಾಡಿದರು. ಆಮೇಲೆ ಅದು ಡಬ್ಬದ ಸಮೇತ ಬೀರುವಿನ ತಲೆ ಏರಿತು.

"ಯಾಕಕ್ಕಾ, ಅದು ಚೆನ್ನಾಗಿಲ್ವಾ?" ಎಂದು ಅವಳು ಕೇಳಿದ್ದಳು.

"ಚೆನ್ನಾಗಿದೆ ಕಣೇ. ಆದ್ರೆ ಅದಕ್ಕೆ ದಾಕ್ಷಿಣ್ಯ ಇಲ್ಲ. ಮುಖದ ಮೇಲಿನ ಗೀರು, ಗಾಯ ಎಲ್ಲ ಎತ್ತಿ ತೋರಿಸುತ್ತೆ. ಇದು ನಮ್ಮಮ್ಮನ ಹಾಗೆ, ಕಣ್ಣು ಕಿರಿದು ಮಾಡ್ಕೊಂಡು ನೋಡುತ್ತೆ. ಕಂಡದ್ದನ್ನೂ ಕಾಣದ ಹಾಗೆ."

ಆದರೆ ಬರಬರುತ್ತ ಆ ಹಳೇದರಲ್ಲಿ ಜಾಗ ತೀರುತ್ತ ಬಂದಿತ್ತು. ಅದಕ್ಕೆ ಹೊಂದುವ ಮೆಮೊರಿ ಕಾರ್ಡು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಕೊನೆಕೊನೆಗೆ ಎರಡೋ ಮೂರೋ ಫೋಟೋ ಹಿಡಿಯುವಷ್ಟು ಜಾಗ. ನರ್ಸಕ್ಕ ಹೂವೊಂದನ್ನು ತೆಗೆಯುವರು, ಮನಸಾರೆ ನೋಡುವರು, ಅಳಿಸುವರು, ಅದೇ ಜಾಗದಲ್ಲಿ ಬೆಕ್ಕನ್ನು ತೆಗೆಯುವರು.

"ಹಳೇದನ್ನೆಲ್ಲ ಅಳಿಸಿ ಹಾಕಿ ಅಕ್ಕಾ. ಎಷ್ಟೊಂದು ಜಾಗ ಆಗುತ್ತೆ."

"ಅವನ್ನ ಮುಟ್ಟೋ ಹಾಗಿಲ್ಲ," ಎಂದು ನರ್ಸಕ್ಕ ಅವಳ ಮುಖವನ್ನೇ ನೋಡಿದ್ದರು. "ನಿಂಗೆ ಏನಾದ್ರೂ ನೋಡ್ಬೇಕಾ ಹುಡುಗಿ?"

ಒಂದು ಸಲವಲ್ಲ, ಹೀಗೆ ಎಷ್ಟೋ ಸಲ ಕೇಳಿದ್ದರು. ಅವಳಿಗೆ ಕೂದಲು ಬೆಳ್ಳಗಾಗತೊಡಗಿದ ಮೇಲೂ ಅವರ ಬಾಯಲ್ಲಿ ಅವಳು ಹುಡುಗಿಯೇ. "ಒಲೆ ಮೇಲೆ ಹಾಲಿದೆ ಅಕ್ಕಾ," ಎಂದು ಅವಳು ಒಳಗೆ ಹೋಗುತ್ತಿದ್ದಳು. ಹಾಲು ಇರಲಿ ಬಿಡಲಿ.

*

ಹೆಣವನ್ನು ಹೊರಗೆ ತರುವ ಹೊತ್ತಿಗೆ ಗೇಟಿನ ಹತ್ತಿರ ಆಟೋ ನಿಂತಿತು. ಬ್ಯಾಂಕಿನ ಗುರುತಿನ ಚೀಟಿಯನ್ನು ಕುತ್ತಿಗೆಯಿಂದ ತೆಗೆಯುವುದನ್ನೂ ಮರೆತ ಹೆಂಗಸೊಬ್ಬಳು ಓಡುತ್ತ ಬಂದಳು. ಬಂದವಳ ಮುಖದ ಗುರುತು ಅವಳಿಗೆ ಸಿಕ್ಕಿತು. ವರ್ಷಕ್ಕೊಮ್ಮೆ ಬಂದು, ನರ್ಸಕ್ಕನ ಕೋಣೆಯಲ್ಲಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಕೂತು, ಕಣ್ಣೊರೆಸಿಕೊಂಡು ಹೋಗುವವಳು. ಹಾಗೆ ಬರುವ ಹೆಂಗಸರು ಇನ್ನೂ ಕೆಲವರಿದ್ದರು. ಹಳೇ ಪೇಷಂಟುಗಳು ಇರಬೇಕೆಂದು ಅವಳು ಚಹಾ ಮಾಡಿ ಬಾಗಿಲ ಸಂದಿಯಿಂದ ಕೊಡುತ್ತಿದ್ದಳು. ತನ್ನನ್ನು ಒಳಗೆ ಕರೆಯುವುದಿಲ್ಲವಲ್ಲ ಎಂದು ಹೊಟ್ಟೆ ಒಳಗೇ ಉರಿಯುತ್ತಿತ್ತು ಕೂಡ.

ಬ್ಯಾಂಕಿನವಳು ಹೆಣದ ಕಾಲು ಮುಟ್ಟಿ ನೇರ ಅವಳ ಹತ್ತಿರ ಬಂದಳು.

"ಕ್ಯಾಮೆರಾ ಇದೆಯಲ್ವಾ? ಅದನ್ನ ಯಾರಿಗೂ ಕೊಟ್ಟಿಲ್ಲ ತಾನೇ?"

"ನಿಮಗ್ಯಾಕೆ ಅದು?"

"ನನ್ನ ಮಗ ಅದರಲ್ಲಿದ್ದಾನೆ." ಗೋಡೆಗೆ ಕೈ ಕೊಟ್ಟಳು. "ಹುಟ್ಟೋವಾಗ್ಲೇ ಉಸಿರಿರಲಿಲ್ಲ. ಮನೆಯವರು ಯಾರೂ ನಂಗೆ ತೋರಿಸ್ಲಿಲ್ಲ. ಮೂರು ವರ್ಷ ಕಳೆದ ಮೇಲೆ ಧೈರ್ಯ ಮಾಡಿ ಸಿಸ್ಟರ್‌ನ ಕೇಳಿದೆ. ಇದೆ, ನೋಡ್ತೀಯಾ ಅಂದ್ರು."

"ಪ್ರಿಂಟ್ ಹಾಕಿಸಿ ಮನೆಗೆ ತಗೊಂಡು ಹೋಗ್ಬಹುದಿತ್ತಲ್ಲ?"

"ನನ್ನ ಮನೇಲಿ ಇಟ್ಕೊಳ್ಳೋ ಹಾಗಿಲ್ಲ. ಇಲ್ಲಿ ಇರ್ಲಿ ಅಂದೆ. ಹುಟ್ಟಿದ ದಿನ ಬಂದು ನೋಡ್ಕೊಂಡು ಹೋಗ್ತೀನಿ."

ಅವಳು ಆಯಾಳ ಕಡೆ ತಿರುಗಿದಳು. ಮುದುಕಿಯ ಬಾಯಿ ಜಗಿಯುವುದನ್ನು ನಿಲ್ಲಿಸಿತ್ತು.

"ಹೌದಮ್ಮಾ. ನಾನೇ ಮಗುವನ್ನ ಒರೆಸಿ, ಸುತ್ತಿ, ಕಿಟಕಿ ಹತ್ತಿರ ಮಲಗಿಸ್ತಿದ್ದೆ. ತಾಯಿದು ಅಂತ ಏನಾದ್ರೂ ಪಕ್ಕದಲ್ಲಿ ಇಡಬೇಕು. ಬಳೆಯೋ, ಕರ್ಚೀಫೋ, ಉಟ್ಟು ಬಂದ ಸೀರೆಯೋ. ಅವಕ್ಕೆ ಹೆಸರೆಲ್ಲಿತ್ತು? ಹೆತ್ತವಳೇ ಗುರುತು ಹಿಡೀಬೇಕಲ್ಲ. ಕೇಳ್ದೆ ಇದ್ದವರಿಗೆ ತೋರಿಸಿ ಗಾಯ ಕೆದಕ್ತಿರಲಿಲ್ಲ, ಕೇಳಿದವರಿಗೆ ಇಲ್ಲ ಅಂತಿರಲಿಲ್ಲ. ಅದು ನಿಮ್ಮ ನರ್ಸಕ್ಕನ ಹಟ."

"ನಂದು..." ಎಂದಳು ಅವಳು.

"ಅವತ್ತು ನಾನು ರಜದಲ್ಲಿದ್ದೆ ತಾಯೀ. ಗೊತ್ತಿಲ್ಲ."

*

ಅವತ್ತು, ಅವಳ ಹೆರಿಗೆಯ ದಿನ, ನರ್ಸಕ್ಕನದೇ ಪಾಳಿ. ಅವಳಿಗೆ ನೆನಪಿರುವುದು ಚಾವಣಿಯ ಫ್ಯಾನು, ಯಾರದೋ ಚಪ್ಪಲಿ ಸದ್ದು, ಮತ್ತೆ ಪರದೆಯ ಆಚೆ ಗಂಡನ ಧ್ವನಿ: "ಅವಳಿಗೆ ತೋರಿಸ್ಬೇಡಿ. ನೋಡಿದ್ರೆ ಮರೆಯೋಕೆ ಆಗಲ್ಲ."

ನೋಡದೆ ಇದ್ದುದರಿಂದ ಮರೆಯಲಾಗಲಿಲ್ಲ. ಮುಖವಿಲ್ಲದ ಮಗು ಯಾವ ಮುಖವನ್ನಾದರೂ ಹಾಕಿಕೊಂಡು ಬರುತ್ತಿತ್ತು. ಬಸ್ಸಿನಲ್ಲಿ ಎದುರಿಗೆ ಕೂತ ಕೂಸು, ಕ್ಯಾಲೆಂಡರಿನ ಕೂಸು, ಸೋಪಿನ ಜಾಹೀರಾತಿನ ಕೂಸು. ಕನಸಿನಲ್ಲಿ ಅದು ಅತ್ತರೆ ಸದ್ದಿರುತ್ತಿತ್ತು, ತಿರುಗಿ ನೋಡಿದರೆ ಕೆನ್ನೆ, ಹಣೆಯ ಜಾಗದಲ್ಲಿ ಬರೀ ನುಣುಪು. ಇನ್ನೊಂದು ಮಗು ಆಗಲಿಲ್ಲ. ಆ ವಿಷಯವನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಗಂಡ ಒಳ್ಳೆಯವನು, ಅವಳ ಕಾಲು ನೋವಿಗೆ ತಾನೇ ಎಣ್ಣೆ ಬಿಸಿ ಮಾಡಿ ತರುವವನು. ಆದರೆ ಆ ಒಂದು ಬಾಗಿಲ ಮುಂದೆ ಮೂವರೂ ಚಪ್ಪಲಿ ಸದ್ದಾಗದ ಹಾಗೆ ನಡೆದು ನಡೆದು ಕಾಲ ಕಳೆದಿದ್ದರು.

*

ಹೆಣವನ್ನು ವ್ಯಾನಿಗೇರಿಸಿ, ಗಂಡ ಕ್ಯಾಮೆರಾವನ್ನು ಅದರ ಎದೆಯ ಮೇಲಿಟ್ಟು ಹೂವು ಮುಚ್ಚಿಯಾಗಿತ್ತು. ವ್ಯಾನಿನ ಡ್ರೈವರ್ ಇಣುಕಿ ನೋಡಿದ.

"ಸೆಲ್ ಇದ್ರೆ ತೆಗೀರಿ ಸಾರ್. ಸುಡೋದು ಕರೆಂಟಿನ ಒಲೇಲಿ, ಸಿಡಿಯುತ್ತೆ. ಆಮೇಲೆ ನನ್ನನ್ನ ಬೈತಾರೆ."

ಗಂಡ ಸೆಲ್ ತೆಗೆದು ಜೇಬಿಗೆ ಹಾಕಿಕೊಂಡ. ಅವಳು ವ್ಯಾನಿನ ಮೆಟ್ಟಿಲು ಹತ್ತಿ ಹೂವಿನೊಳಗೆ ಕೈ ಹಾಕಿದಳು.

"ಏನು ಮಾಡ್ತಿದ್ದೀಯಾ?"

"ಇದು ಹೋಗೋ ಹಾಗಿಲ್ಲ."

"ಜನ ನೋಡ್ತಿದ್ದಾರೆ. ಇಳಿ."

"ನೋಡ್ಲಿ. ನನ್ನ ಮಗು ಇದರಲ್ಲಿ ಇದ್ಯಾ?"

ನನ್ನ ಮಗು ಎಂಬ ಮಾತನ್ನು ಅವಳ ಬಾಯಿಂದ ಅವನು ಕೇಳಿದ್ದು ಅದೇ ಮೊದಲು. ಅವಳೂ ಅದೇ ಮೊದಲು ಕೇಳಿಸಿಕೊಂಡಳು.

"ಫೋಟೋ ತೆಗೀಬೇಡ ಅಂದಿದ್ದೆ ಅಕ್ಕನಿಗೆ," ಎಂದ ಅವನು ಕೆಳದನಿಯಲ್ಲಿ. "ಕೈ ಮುಗಿದು ಹೇಳಿದ್ದೆ."

"ತೆಗೆದ್ರಾ ಇಲ್ವಾ?"

"ಕೇಳ್ಲಿಲ್ಲ ನಾನು. ಅದು ಟಿರ್ ಅಂತ ಸದ್ದು ಮಾಡಿದಾಗೆಲ್ಲ ಎದ್ದು ಹೊರಗೆ ಹೋಗ್ತಿದ್ದೆ. ನೀನು ನೋಡಿಲ್ವಾ?"

ನೋಡಿದ್ದಳು. ಸಿಗರೇಟಿಗೆ ಹೋಗುತ್ತಾನೆ ಅಂದುಕೊಂಡಿದ್ದಳು.

"ಕೊಟ್ಟುಬಿಡು. ಅದರಲ್ಲಿ ಇಲ್ದೆ ಹೋದ್ರೆ ಏನು ಮಾಡ್ತೀಯಾ?"

"ಇಲ್ಲ ಅಂತ ಗೊತ್ತಾಗುತ್ತೆ," ಎಂದು ಅವಳು ಮೆಟ್ಟಿಲ ಮೇಲೇ ಕೂತುಬಿಟ್ಟಳು. "ಸೆಲ್ ಬೇಕು. ಹೊಸದು. ಯಾರ ಮನೇಲಾದ್ರೂ ಇದ್ಯಾ?"

ಎದುರುಮನೆಯಾಕೆ ಓಡಿದರು. ಮೊಮ್ಮಗನ ಆಟದ ಕಾರಿನಿಂದ ಕಿತ್ತು ತಂದರು. ಒಳಗೆ ಮಗು ಕಿರುಚುವುದು ಬೀದಿಗೆಲ್ಲ ಕೇಳಿಸುತ್ತಿತ್ತು. ಡ್ರೈವರ್ ಗಡಿಯಾರ ನೋಡಿ ಬಾಯಿ ತೆರೆದ. ಆಯಾ, "ಐದು ನಿಮಿಷಕ್ಕೆ ನಿನ್ನ ಗಂಟೇನು ಹೋಗುತ್ತೋ?" ಎಂದು ಅವನ ಬಾಯಿ ಮುಚ್ಚಿಸಿದಳು.

ಸೆಲ್ ಹಾಕಿದಾಗ ತೆರೆಯ ಮೇಲೆ ಮೊದಲು ಬಂದದ್ದು ಇವತ್ತು ಬೆಳಗಿನದು. ಖಾಲಿ ಕಿಟಕಿ, ಸರಳುಗಳ ನಡುವಿನ ಬೆಳಕು. ಹಿಂದಕ್ಕೆ ಒತ್ತಿದಳು. ಬೆಕ್ಕು. ಆಮೇಲೆ ಅವು ಶುರುವಾದವು. ಎಲ್ಲಕ್ಕೂ ಹೆರಿಗೆ ವಾರ್ಡಿನ ಅದೇ ಕಿಟಕಿ, ಎಡಗಡೆಯಿಂದ ಬೀಳುವ ಅದೇ ಮೆತ್ತಗಿನ ಬೆಳಕು. ಹಳೇ ಕ್ಯಾಮೆರಾ ಆ ಮುಖಗಳ ನೀಲಿಯನ್ನು ನುಂಗಿ ಬರೀ ನಿದ್ದೆಯನ್ನು ಉಳಿಸಿತ್ತು. ಪಕ್ಕದಲ್ಲಿ ಗಾಜಿನ ಬಳೆ. ಕನ್ನಡಕ. ಜಡೆಯ ರಿಬ್ಬನ್. "ಇವನೇ," ಎಂದಳು ಹೆಗಲ ಹಿಂದೆ ಬ್ಯಾಂಕಿನವಳು, ಕರ್ಚೀಫಿನ ಪಕ್ಕದ ಕೂಸು ಬಂದಾಗ. ಅವಳು ಒಂದು ಗಳಿಗೆ ತಡೆದು, ಮತ್ತೆ ಒತ್ತಿದಳು. ಪ್ರತಿ ಸಲ ಒತ್ತುವಾಗಲೂ ಇದೇ ಇರಬಹುದೆಂದು ಎದೆ ಧಸಕ್ಕೆನ್ನುತ್ತಿತ್ತು, ಇದಲ್ಲವೆಂದಾಗ ಇನ್ನೂ ಜೋರಾಗಿ ಧಸಕ್ಕೆನ್ನುತ್ತಿತ್ತು. ಗಂಡ ಬೆನ್ನು ತಿರುಗಿಸಿ ವ್ಯಾನಿನ ಚಕ್ರ ನೋಡುತ್ತ ನಿಂತಿದ್ದ.

ಅವಳ ಹೆಬ್ಬೆರಳು ನಿಂತಿತು. ಅವತ್ತು ಅವಳು ಉಟ್ಟು ಹೋಗಿದ್ದ ಹಳದಿ ಸೀರೆಯ ಕೆಂಪು ಅಂಚು, ನಾಲ್ಕು ಮಡಿಕೆ ಮಾಡಿ ತಲೆದಿಂಬಿನ ಹಾಗೆ ಇಟ್ಟದ್ದು. ಅದರ ಮೇಲೆ ಒಂದು ಪುಟ್ಟ ತಲೆ, ತುಂಬ ಕೂದಲು. ಬಾಯಿ ಸ್ವಲ್ಪ ಮುನಿಸಿಕೊಂಡಿತ್ತು.

ಒತ್ತುವ ಸದ್ದು ನಿಂತದ್ದು ಗಂಡನಿಗೆ ಕೇಳಿಸಿತೇನೋ. ಅವನು ತಿರುಗಿದ, ಬಂದ, ಅವಳ ಪಕ್ಕದಲ್ಲಿ ಮೆಟ್ಟಿಲಂಚಿಗೆ ಕೂತ. ಬಹಳ ಹೊತ್ತು ನೋಡಿದ.

"ಗಾಜು ಗಲೀಜಾಗಿದೆ," ಎಂದ.

ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು, ತೆರೆಯ ಮೇಲೆ ಮಗುವಿನ ಕೆನ್ನೆ ಇದ್ದ ಕಡೆ ಮೆಲ್ಲಗೆ ಉಜ್ಜಿದ. ಚುಕ್ಕೆ ಹೋಗಲಿಲ್ಲ. ಬಾಯಿಯ ಆವಿ ಊದಿ ಮತ್ತೆ ಉಜ್ಜಿದ. ಅದು ಗಾಜಿನ ಮೇಲಿನದ್ದಲ್ಲ, ಕೆನ್ನೆಯದೇ ಮಚ್ಚೆ ಎಂದು ಅವಳಿಗೆ ಆಗಲೇ ತಿಳಿದಿತ್ತು. ಅವನಿಗೂ ತಿಳಿದಿತ್ತು. ಆದರೂ ಉಜ್ಜುತ್ತಲೇ ಇದ್ದ, ಮಲಗಿದ ಕೂಸಿಗೆ ಎಚ್ಚರವಾಗದಷ್ಟು ಹಗುರವಾಗಿ.