ಹೆಚ್ಚಾದ ಒಂದು ಹೆಸರು

ಭಾವನಿಗೆ ಖರ್ಚು ಎಂದರೆ ಮೈಮೇಲೆ ಕೆಂಡ ಸುರಿದ ಹಾಗೆ. ಅವನ ಲಿಫ್ಟ್ ಕಂಪನಿ ಒಂದು ಅಂತಸ್ತಿನಿಂದ ಮೂರು ಅಂತಸ್ತಿಗೆ ಏರಿತು. ಬಾಗಿಲಲ್ಲಿ ಗಾಜು ಬಂತು, ನೆಲಕ್ಕೆ ಅಮೃತಶಿಲೆ ಬಂತು, ಅವನು ಕೂರುವ ಕುರ್ಚಿಗೆ ಚರ್ಮದ ಹೊದಿಕೆ ಬಂತು. ಲಿಫ್ಟಿನ ನಕ್ಷೆ ಬರೆಯುವ ಸಾಫ್ಟ್‌ವೇರಿಗೆ ಮಾತ್ರ ಕಂಪನಿ ಶುರುವಾದಾಗ ಕೊಂಡ ನಾಲ್ಕೇ ಲೈಸೆನ್ಸು. ಡ್ರಾಯಿಂಗ್ ಹಾಲಿನಲ್ಲಿ ಈಗ ನಕ್ಷೆ ಬರೆಯುವವರು ಹತ್ತಿಪ್ಪತ್ತು ಜನ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನೋದು ಇಂಥವರನ್ನು ನೋಡಿಯೇ.

ಈ ಲೈಸೆನ್ಸುಗಳನ್ನು ನೋಡಿಕೊಳ್ಳುವ ಕೆಲಸ ಅವನ ಹೆಂಡತಿಯ ತಂಗಿಯದು; ನಾಲ್ಕರಲ್ಲಿ ಒಂದು ಅವಳ ಹೆಸರಲ್ಲೇ ಇತ್ತು. ಪಾಸ್‌ವರ್ಡೆಲ್ಲ ಅವಳ ಬಳಿ ಇರುವುದರಿಂದ ಡ್ರಾಯಿಂಗ್ ಹಾಲಿನವರು ಅವಳನ್ನು ಕೀಲಿ ಮೇಡಂ ಅನ್ನುತ್ತಿದ್ದರು. ಒಂದು ಲೈಸೆನ್ಸು ಅಂದರೆ ಒಬ್ಬನೇ ಮನುಷ್ಯ, ಅವನ ಹೆಸರಿಗೇ ಮೀಸಲು, ಇನ್ನೊಬ್ಬ ಮುಟ್ಟಕೂಡದು ಎಂದು ಕೀಲಿ ಮೇಡಂ ಭಾವನಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಳು. ಪ್ರತಿ ಸಲವೂ ಒಂದೇ ಉತ್ತರ: "ಮುಂದಿನ ತಿಂಗಳು ನೋಡೋಣ ಕಣಮ್ಮಾ, ಈಗ ಹೇಗೋ ಸುಧಾರಿಸು."

ಡ್ರಾಯಿಂಗ್ ಹಾಲಿನವರು ತಮ್ಮದೇ ದಾರಿ ಕಂಡುಕೊಂಡಿದ್ದರು. ಕೆಲಸ ಮುಗಿಸಿ ಹೊರಬಂದವನು "ಬಿಟ್ಟೆ!" ಎಂದು ಕೂಗುವುದು, ಮೊದಲು "ನಂದು!" ಎಂದವನು ಅದೇ ಹೆಸರಲ್ಲಿ ಒಳಗೆ ಹೋಗುವುದು. ಬೀದಿ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಕಾಯುವವರ ಹಾಗೆ ಬೆಳಗಿಂದ ಸಂಜೆವರೆಗೆ ಇದೇ ಗಲಾಟೆ. ಕೀಲಿ ಮೇಡಂಗೆ ಪ್ರತಿ ಕೂಗಿಗೂ ಎದೆ ಧಸಕ್ಕೆನ್ನುತ್ತಿತ್ತು. ಭಾವನಿಗೆ ಮಾತ್ರ ಅದು ಕಿವಿಗೆ ಸಂಗೀತ. ನೋಡಿ, ಎಷ್ಟು ಉಳಿತಾಯ!

ಒಂದು ದಿನ ಸಾಫ್ಟ್‌ವೇರ್ ಕಂಪನಿಯವರು ತಪಾಸಣೆಗೆ ಬರುತ್ತೇವೆ ಎಂದು ತಿಳಿಸಿದರು. ಭಾವನ ಮುಖ ಸುಟ್ಟ ಬದನೆಕಾಯಿಯಾಯಿತು. ಲೈಸೆನ್ಸ್ ಇಲ್ಲದವರ ಕೈಗೆ ಹಳೆಯ ನಕ್ಷೆ, ಅಳತೆ ಟೇಪು ಕೊಟ್ಟು ಗೋಡೆ ಪಕ್ಕ ಕೂರಿಸಿದ. "ಯಾರಾದ್ರೂ ಬಾಯಿ ಬಿಟ್ರೆ ಅವತ್ತೇ ಮನೆಗೆ," ಎಂದು ಗುಡುಗಿದ.

ಬಂದವನು ಸಣಕಲು ಮನುಷ್ಯ, ಕೆಮ್ಮಿನ ಮಾತ್ರೆ ಚೀಪುತ್ತಾ ಮೂಲೆಯಲ್ಲಿ ಕೂತು ತನ್ನ ಲ್ಯಾಪ್‌ಟಾಪ್ ನೋಡುತ್ತಿದ್ದ. ಇಡೀ ಹಾಲ್ ಸ್ಮಶಾನದಂತಿತ್ತು. ಅವನು ಎದ್ದು ಚೀಲ ಹೆಗಲಿಗೇರಿಸಿಕೊಂಡ. ಸದ್ಯ, ಗೆದ್ದೆವು ಎಂದು ಭಾವ ಕೈ ಚಾಚಿದ. ಆಗ ಹಾಲಿನ ಹಿರಿಯ ಡ್ರಾಫ್ಟ್ಸ್‌ಮನ್, ಎಲ್ಲರೂ ಮೀಸೆ ಎಂದೇ ಕರೆಯುವವನು, ನಕ್ಷೆ ಮುಗಿಸಿ ಮೈ ಮುರಿದು, ವರ್ಷಗಳ ಅಭ್ಯಾಸದಲ್ಲಿ ಗಂಟಲು ತೆರೆದು ಕೂಗಿದ: "ಬಿಟ್ಟೇ!"

"ನಂದು!" ಎಂದು ಗೋಡೆ ಪಕ್ಕದ ಮೂರು ಜನ ಟೇಪು ಬಿಸಾಕಿ ಎದ್ದರು.

"ಏನು ಬಿಟ್ರಿ?" ಎಂದು ತಪಾಸಣೆಯವನು ಕೇಳಿದ.

"ಉಸಿರು ಸಾರ್," ಎಂದ ಮೀಸೆ.

ಯಾರೂ ನಗಲಿಲ್ಲ. ತಪಾಸಣೆಯವನು ಚೀಲ ಕೆಳಗಿಟ್ಟು, ಸಂಜೆ ಮಾಲೀಕರ ಜೊತೆ ಮಾತಾಡಬೇಕು ಎಂದು ಹೇಳಿ ಮತ್ತೆ ಕೂತ.

ಭಾವ ನಾದಿನಿಯನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದ. "ನೋಡು, ಇದೆಲ್ಲ ನೀನೇ ಮಾಡಿದ್ದು, ನಂಗೇನೂ ಗೊತ್ತಿರಲಿಲ್ಲ ಅಂತ ಅವನ ಮುಂದೆ ಹೇಳಿಬಿಡು."

"ಭಾವ! ಲೈಸೆನ್ಸ್ ಕೊಳ್ಳಿ ಅಂತ ಗೋಗರೆದೋಳು ನಾನು!"

"ಮೆಲ್ಲಗೆ ಮಾತಾಡು. ಮಾಲೀಕ ಸಿಕ್ಕಿಬಿದ್ರೆ ಕಂಪನಿ ಮುಳುಗುತ್ತೆ. ನಿನ್ನನ್ನ ಯಾರು ಏನ್ ಮಾಡ್ತಾರೆ?"

"ಲೈಸೆನ್ಸ್ ಕಾಯೋಳೇ ಕದ್ದಳು ಅಂದ್ರೆ ನಾಳೆ ಯಾವ ಕಂಪನಿ ನನ್ನನ್ನ ಬಾಗಿಲ ಒಳಗೆ ಬಿಡುತ್ತೆ? ನಾನು ಬೇರೇನು ಕೆಲಸ ಕಲ್ತಿದ್ದೀನಿ?"

"ನಿನ್ನನ್ನ ಇಲ್ಲಿಂದ ಕಳಿಸೋರ್ಯಾರು? ನಮ್ಮನೆಯವಳಲ್ವಾ ನೀನು!"

ಅವಳಿಗೆ ಮೈಯೆಲ್ಲ ಉರಿಯಿತು. ಥೂ, ಇವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಬಾಗಿಲು ದಡಾರೆಂದು ತೆರೆದು ಹೊರಬಂದಳು.

ಹೊರಗೆ ಅಕ್ಕ ಕಾಯುತ್ತಿದ್ದಳು. ಅಕ್ಕನಿಗೆ ಅದೇ ಕಂಪನಿಯ ಲೆಕ್ಕಪತ್ರದ ಕೆಲಸ. ಕಾಫಿ ಮೆಷಿನ್ ಇಟ್ಟ ಇಕ್ಕಟ್ಟಿನ ಕೋಣೆಗೆ ತಂಗಿಯ ಕೈ ಹಿಡಿದು ಎಳೆದುಕೊಂಡು ಹೋದಳು. "ಒಂದು ಮಾತು ಕಣೇ, ಒಂದೇ ಮಾತು. ಅವರು ಮನೇಲಿ ಹೇಗಿರ್ತಾರೆ ಅಂತ ನಿಂಗೊತ್ತಲ್ಲ. ಇವತ್ತು ಕಂಪನಿಗೆ ಏಟು ಬಿದ್ರೆ ನಾಳೆ ಏಟು ತಿನ್ನೋಳು ನಾನು."

ತಂಗಿ ಅಕ್ಕನ ಮಣಿಕಟ್ಟು ನೋಡಿದಳು. ಉದ್ದ ತೋಳಿನ ಬಟ್ಟೆ, ಸೆಕೆಯ ದಿನದಲ್ಲೂ.

"ನಾನಿದ್ದೀನಲ್ಲ," ಎಂದಳು ಅಕ್ಕ. "ನಿನ್ನನ್ನ ಕೈ ಬಿಡ್ತೀನಾ?"

ಸಂಜೆ ಭಾವ, ಅಕ್ಕ, ತಂಗಿ, ತಪಾಸಣೆಯವನು ನಾಲ್ವರೂ ಕೂತರು. ತಪಾಸಣೆಯವನು ಬಾಯಿ ತೆರೆಯುವ ಮೊದಲೇ ಕೀಲಿ ಮೇಡಂ ಎದ್ದು ನಿಂತಳು. "ಒಬ್ಬರ ಲೈಸೆನ್ಸಲ್ಲಿ ಎಲ್ಲರೂ ಕೆಲಸ ಮಾಡೋ ಹಾಗೆ ಬಿಟ್ಟೋಳು ನಾನು. ಮಾಲೀಕರಿಗೆ ಗೊತ್ತಿರಲಿಲ್ಲ." ಹೇಳುವಾಗ ನಾಲಿಗೆ ಹಾಗಲಕಾಯಿ ಕಚ್ಚಿದ ಹಾಗಾಯಿತು.

ತಪಾಸಣೆಯವನು ಮಾತ್ರೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದ. "ಯಾರು ಬಿಟ್ಟಿದ್ದು ಅಂತ ನಾನು ಕೇಳಲೇ ಇಲ್ಲವಲ್ಲ, ಮೇಡಂ? ನಮಗದು ಬೇಡ. ಎಷ್ಟು ಜನ ಬಳಸ್ತಾರೆ ಹೇಳಿ, ಅಷ್ಟು ಕೊಂಡುಕೊಳ್ಳಿ. ಮೂರು ವರ್ಷಕ್ಕೆ ತಗೊಂಡ್ರೆ ಹಳೇದೆಲ್ಲ ಮನ್ನಾ."

ಅಷ್ಟೇ! ಅಯ್ಯೋ, ಅಷ್ಟೇ! ಕೇಸಿಲ್ಲ, ಕಂಪನಿ ಮುಳುಗುವುದಿಲ್ಲ. ಬಂದವನು ವ್ಯಾಪಾರಕ್ಕೆ ಬಂದವನು. ಭಾವನ ಮುಖ ಅರಳಿತು. ತರಕಾರಿ ಅಂಗಡಿಯಲ್ಲಿ ನಿಂತವನ ಹಾಗೆ ಚೌಕಾಸಿ ಮಾಡಿ, ಒಂದಿಷ್ಟು ಇಳಿಸಿ, ಸಹಿ ಹಾಕಿ, ಎಲ್ಲರಿಗೂ ಕಾಫಿ ತರಿಸಿದ. ಲೈಸೆನ್ಸಿಗೆ ಇನ್ನು ಮುಂದೆ ಜವಾಬ್ದಾರರು ಯಾರು ಎಂದು ತಪಾಸಣೆಯವನು ಕೇಳಿದಾಗ, ಕೀಲಿ ಮೇಡಂ ಕೂತಿದ್ದ ಕಡೆ ತಿರುಗದೆಯೇ ಹೆಂಡತಿಯನ್ನು ತೋರಿಸಿದ.

ತಪಾಸಣೆಯವನು ಹೋದ ಮೇಲೆ ಭಾವ ಗಂಟಲು ಸರಿಮಾಡಿಕೊಂಡ. "ಹೊರಗಿನವನ ಮುಂದೆ ತಪ್ಪು ಒಪ್ಪಿಕೊಂಡಿದ್ದೀಯ. ನಿನ್ನನ್ನ ಇಟ್ಕೊಂಡ್ರೆ ಹಾಲಿನವರು ನನ್ನ ತಲೆ ಮೇಲೆ ಕೂರ್ತಾರೆ. ನಾಳೆಯಿಂದ ಬರೋದು ಬೇಡ."

"ಹೇಳಿಸಿದ್ದು ನೀವೇ ಅಲ್ವಾ ಭಾವ?"

"ನಾನು ಹೇಳ್ದೆ ಅಂತ ಬಾವಿಗೆ ಬೀಳ್ತೀಯಾ?"

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ! ಅವಳು ಅಕ್ಕನ ಕಡೆ ತಿರುಗಿದಳು. ಅಕ್ಕ ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಲೋಟ ತೆಗೆದುಕೊಂಡು ಹೊರಗೆ ಹೋದಳು.

ಆಮೇಲೆ ಅಕ್ಕನಿಂದ ಫೋನಿಲ್ಲ, ಸುದ್ದಿಯಿಲ್ಲ. ಕೀಲಿ ಮೇಡಂ ಎರಡು ಕಂಪನಿಗಳಲ್ಲಿ ಕೆಲಸ ಕೇಳಿದಳು. ಎರಡು ಕಡೆಯೂ ಭಾವನಿಗೆ ಫೋನ್ ಮಾಡಿ ವಿಚಾರಿಸಿದರು. ಎರಡು ಕಡೆಯೂ ಮತ್ತೆ ಕರೆಯಲಿಲ್ಲ.

ಒಂದು ಮಧ್ಯಾಹ್ನ ಅವಳು ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದಾಗ ಫೋನ್ ಬಂತು. ಅಕ್ಕ! ಒದ್ದೆ ಕೈ ಸೊಂಟಕ್ಕೆ ಒರೆಸಿಕೊಂಡು ಎತ್ತಿದಳು. "ಹೇಳು ಅಕ್ಕಾ."

"ಏನೇ, ಇಲ್ಲಿ ಹೊಸಬರೊಬ್ಬರನ್ನ ಸೇರಿಸೋಕೆ ಹೋದ್ರೆ ಜಾಗ ಇಲ್ಲ ಅಂತ ಕೆಂಪಗೆ ತೋರಿಸ್ತಿದೆ. ಇನ್ನೊಂದು ಲೈಸೆನ್ಸ್ ಕೊಳ್ಳಬೇಕಾ? ಇವರಿಗೆ ಹೇಳಿದ್ರೆ ಹಾರಾಡ್ತಾರೆ."

ಹೇಗಿದ್ದೀಯೆ ಅಂತಲೂ ಕೇಳಲಿಲ್ಲ. ತಂಗಿ ಕೈಗೆ ಸಿಕ್ಕ ಬಟ್ಟೆಯನ್ನು ತಂತಿಯ ಮೇಲೆ ಎಳೆದು ಹಾಕಿದಳು.

"ಕೊಳ್ಳೋದು ಬೇಡ. ಒಂದು ಹೆಸರು ಹೆಚ್ಚಾಗಿದೆ. ನಂದು ಇನ್ನೂ ಹಾಗೇ ಇರಬೇಕು ನೋಡು."

"ಹ್ಞಾಂ, ಇದೆ ಇದೆ. ಹೇಗೆ ತೆಗೆಯೋದು?"

"ಹೆಸರಿನ ಮೇಲೆ ಒತ್ತು. ಬಲಗಡೆ ತೆಗೆದುಹಾಕು ಅಂತ ಬರುತ್ತೆ."

"ಬಂತು. ಒತ್ತಿದೆ. ಮತ್ತೆ ವಾಪಸ್ ತರೋಕಾಗಲ್ಲ, ಪರವಾಗಿಲ್ವಾ ಅಂತ ಕೇಳ್ತಿದೆ ಕಣೇ."

"ನನ್ನನ್ನಲ್ಲ ಕೇಳ್ತಿರೋದು, ನಿನ್ನನ್ನ," ಎಂದಳು ತಂಗಿ.

ಆ ಕಡೆಯಿಂದ ಉಸಿರು ಕೇಳಿಸಿತು. ಆಮೇಲೆ ಗುಂಡಿ ಒತ್ತಿದ ಸಣ್ಣ ಸದ್ದು.

"ಹೋಯ್ತು," ಎಂದಳು ಅಕ್ಕ. "ಈಗ ಸರಿಯಾಯ್ತು."